ಬಾಗಿಲಿಲ್ಲದ ಸಾವು

ಸತ್ತವಳನ್ನು ಬದುಕಿಸುವ ಸಭೆ ಹತ್ತೂವರೆಗೆ ಎಂದು ಹೇಳಿದ್ದರು. ಹನ್ನೊಂದಾದರೂ ಸಂಪಾದಕ ಬಂದಿರಲಿಲ್ಲ. ಕಥೆಗಾರ ಮೂರನೇ ಮಹಡಿಯ ಆ ಕೋಣೆಯಲ್ಲಿ ಒಬ್ಬನೇ ಕೂತು, ಗೋಡೆಯ ಮೇಲಿದ್ದ ಉಕ್ಕಿನಂಗಿ ಎಂಬ ವೀರನ ಆಳೆತ್ತರದ ಚಿತ್ರವನ್ನು ನೋಡಿ ನೋಡಿ, ಅದರ ಬಲಗಾಲು ಎಡಗಾಲಿಗಿಂತ ನಾಲ್ಕು ಬೆರಳು ಉದ್ದ ಇದೆ ಎಂಬುದನ್ನು ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಕಂಡುಹಿಡಿದ. ಇಷ್ಟು ಕಾಲ ಲೋಕವನ್ನು ಕಾಪಾಡಿದವನು ಕುಂಟ ಎಂದು ತಿಳಿದು ಯಾಕೋ ಸಮಾಧಾನವಾಯಿತು. ತಿಂಗಳಿಗೊಂದರಂತೆ ಈ ಚಿತ್ರಕಥೆಯ ಇನ್ನೂರ ತೊಂಬತ್ತೊಂಬತ್ತು ಸಂಚಿಕೆಗಳನ್ನೂ ಅವನೇ ಬರೆದಿದ್ದ. ಹಗಲೆಲ್ಲ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಅಪಾಯ ಬಂದಾಗ ಉಕ್ಕಿನ ಅಂಗಿ ತೊಟ್ಟು ಹಾರುವ ವೀರ. ಇಪ್ಪತ್ತೈದನೇ ವಯಸ್ಸಿನಲ್ಲಿ ಹೊಳೆದ ಈ ಒಂದೇ ಒಂದು ಯೋಚನೆಯನ್ನು ಕಟ್ಟಿಕೊಂಡು ಅವನು ಐವತ್ತರವರೆಗೆ ಬಂದಿದ್ದ. ಎರಡನೆಯದು ಹೊಳೆಯಲಿಲ್ಲ, ಯಾರೂ ಕೇಳಲೂ ಇಲ್ಲ.

ಆಮೇಲೆ ಹೊಳೆದದ್ದೆಲ್ಲ ಅದರ ಮೇಲಿನ ತೇಪೆ. ಆರನೇ ವರ್ಷ ಉಕ್ಕಿನಂಗಿಗೆ ಮದುವೆ ಮಾಡಿಸಿದ. ಮದುವೆಯಾದ ವೀರ ಸಂಜೆ ಬೇಗ ಮನೆಗೆ ಹೋಗಬೇಕಾಗುತ್ತದೆ ಎಂಬ ಎಡವಟ್ಟು ಮೂರು ಸಂಚಿಕೆಗಳಾದ ಮೇಲೆ ಗೊತ್ತಾಗಿ, ಇಡೀ ನಗರಕ್ಕೆ ಒಂದು ಹಸಿರು ಮೋಡ ಕವಿಸಿ ಆ ಮದುವೆಯನ್ನು ಎಲ್ಲರೂ ಮರೆಯುವಂತೆ ಮಾಡಿದ. ಹೆಂಡತಿಯೂ ಮರೆತಳು, ಬಂದು ಉಂಡು ಹೋದವರೂ ಮರೆತರು. ಅಂಗಿಗೆ ನೇರಳೆ ಬಣ್ಣ ಬಳಿಸಿದ್ದು ಇನ್ನೊಂದು ವರ್ಷ. ಓದುಗರು ಉಗಿದು ಉಪ್ಪಿನಕಾಯಿ ಹಾಕಿದ ಮೇಲೆ ಅದನ್ನು ಒಂದೇ ಮಳೆಯಲ್ಲಿ ತೊಳೆದು ಹಾಕಿದ. ವೀರನಿಗೆ ಮೂರು ಸಲ ನೆನಪು ಹೋಯಿತು. ಎರಡನೇ ಸಲ ಹೋದದ್ದು ವಾಪಸು ಬಂತೋ ಇಲ್ಲವೋ ಎಂಬುದು ಬರೆದವನಿಗೇ ನೆನಪಿಲ್ಲ. ಹದಿನಾಲ್ಕು ತಿಂಗಳು ಬಾಹ್ಯಾಕಾಶದಲ್ಲಿ ಅಲೆಸಿದ, ಅಲ್ಲಿ ನೀರು ಸರಬರಾಜು ಕಚೇರಿ ಇಲ್ಲದೆ ಪಾಪ ಅವನಿಗೆ ಮಾತಾಡಲು ವಿಷಯವೇ ಇರಲಿಲ್ಲ. ಹಾರುವ ನಾಯಿಯ ಸುದ್ದಿಯನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಇವುಗಳ ನಡುವೆ ಐವತ್ತೇಳನೇ ಸಂಚಿಕೆ ಎಂಬುದೊಂದಿತ್ತು. ಅದರಲ್ಲಿ ಖಳನೂ ಇಲ್ಲ, ಹಾರಾಟವೂ ಇಲ್ಲ. ಉಕ್ಕಿನಂಗಿ ತನ್ನ ಅಕ್ಕನ ಜೊತೆ ಆಸ್ಪತ್ರೆಯ ಸಾಲಿನಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತಿರುತ್ತಾನೆ, ಅಷ್ಟೆ. ಎಲ್ಲಕ್ಕಿಂತ ಕಡಿಮೆ ಮಾರಾಟವಾದದ್ದು ಅದು, ಎರಡನೇ ಸಲ ಓದುವಂತಿದ್ದದ್ದೂ ಅದೊಂದೇ. ಆ ಯೋಚನೆ ಕೂಡ ಕಥೆಗಾರನ ಸ್ವಂತದ್ದಲ್ಲ. "ಒಂದ್ಸಲನಾದ್ರೂ ಅವನು ಸಾಲಲ್ಲಿ ನಿಂತ್ಕೊಳ್ಲಿ ಕಣೋ, ಏನಾಗುತ್ತೆ ನೋಡೋಣ," ಎಂದು ಅವನ ಅಕ್ಕ, ಅವನ ಅಂಗಿಗೆ ಇಸ್ತ್ರಿ ಹಾಕುತ್ತಾ ಹೇಳಿದ್ದಳು. ಅವನಿಗೆ ಒಂಬತ್ತು, ಅವಳಿಗೆ ಹದಿನೇಳು ಇದ್ದಾಗ ಅಮ್ಮ ಹೋಗಿ, ಆವತ್ತಿನಿಂದ ಅವನ ಅಂಗಿಗಳೆಲ್ಲ ಅವಳ ಪಾಲಿಗೆ ಬಂದಿದ್ದವು. ಕಾಗದದ ಮೇಲೂ ಅವಳನ್ನು ಅಕ್ಕ ಎಂದೇ ಕರೆದ, ಅಲ್ಲೂ ಅಂಗಿ ಹೊಲಿಯುವ ಕೆಲಸವನ್ನೇ ಕೊಟ್ಟ.

ಸಂಪಾದಕ ಒಳಗೆ ಬಂದು ಕೂತ. ಯಾವ ವಾಕ್ಯವನ್ನೂ ಮುಗಿಸದ ಈ ಮನುಷ್ಯನಿಗೆ ಕಚೇರಿಯಲ್ಲಿ ಅಲ್ಪವಿರಾಮ ಎಂದು ಹೆಸರು. ಹಿಂದೆಯೇ ಹೊಸಬಳು ಬಂದಳು. ಅವಳು ಸೇರಿ ನಾಲ್ಕು ವರ್ಷವಾಗಿತ್ತು, ಆದರೆ ಅವಳಿಗಿಂತ ಹೊಸಬರು ಯಾರೂ ಬಾರದೆ ಹೆಸರು ಹಾಗೇ ಉಳಿದಿತ್ತು. ಕಥೆಗಾರನಿಗೆ ಜ್ವರ ಬಂದ ತಿಂಗಳುಗಳಲ್ಲಿ ಕಥೆಯ ಸಂಭಾಷಣೆ ತಿದ್ದುವುದು ಅವಳ ಕೆಲಸ. ಕೊನೆಗೆ ಅಕ್ಷರದಜ್ಜ, ಅಂದರೆ ಮೊದಲ ಸಂಚಿಕೆಯಿಂದಲೂ ಪಾತ್ರಗಳ ಮಾತನ್ನು ಗುಳ್ಳೆಗಳೊಳಗೆ ಕೈಯಲ್ಲೇ ಬರೆಯುತ್ತಿರುವ ಮುದುಕ, ಬಗಲಲ್ಲಿ ಒಂದು ಕಡತ ಇಟ್ಟುಕೊಂಡು ಬಂದ.

"ನೋಡಿ, ಮುನ್ನೂರನೇ ಸಂಚಿಕೆ ಅಂದ್ಮೇಲೆ, ಓದುಗರು ಏನೋ ದೊಡ್ಡದು, ಅದಕ್ಕೇ ನಾವು ಅಕ್ಕನ್ನ," ಎಂದು ಸಂಪಾದಕ ನಿಲ್ಲಿಸಿದ.

"ವಾಪಸ್ ತರ್ತಿದೀವಿ," ಎಂದು ಹೊಸಬಳು ಮುಗಿಸಿದಳು. ಸಂಬಳದಲ್ಲಿ ಅದೂ ಸೇರಿತ್ತೋ ಏನೋ.

ಅಜ್ಜ ಕಡತವನ್ನು ಮೇಜಿನ ಮೇಲಿಟ್ಟ. ಅವನ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಬೀರು ಇದೆ, ಅದಕ್ಕೆ ಸ್ಮಶಾನ ಎಂದು ಹೆಸರು, ಕೀಲಿ ಅಜ್ಜನ ಸೊಂಟದಲ್ಲಿ. ಕಥೆಯಲ್ಲಿ ಸತ್ತ ಪ್ರತಿಯೊಬ್ಬರಿಗೂ ಅದರಲ್ಲೊಂದು ಕಡತ. ಯಾರನ್ನೇ ಕೊಲ್ಲಬೇಕಾದರೂ ಕೊಲ್ಲುವವನು ಮೊದಲು ಒಂದು ಹಾಳೆ ತುಂಬಿ ಸಹಿ ಹಾಕಬೇಕು. ಸತ್ತವರು ಮುಂದೆ ಬೇಕಾದರೆ ಹೇಗೆ ಬದುಕಿ ಬರಬಹುದು ಎಂಬುದನ್ನು ಬರೆದಿಡುವ ಆ ಹಾಳೆಗೆ ಬಾಗಿಲು ಎನ್ನುತ್ತಿದ್ದರು. ಹೆಣ ಸಿಗಲಿಲ್ಲ, ಮುಖ ಕಾಣಲಿಲ್ಲ, ಹೊಳೆಗೆ ಬಿದ್ದ, ಅವಳಿ ಇದ್ದ: ಹೀಗೆ ಅರವತ್ತೆಂಟು ಸಾವುಗಳಿಗೆ ಅರವತ್ತೇಳು ಬಾಗಿಲು. ಅದರಿಂದಾಗಿ ಈ ಕಚೇರಿಯಲ್ಲಿ ಯಾರೂ ಯಾರ ಸಾವಿಗೂ ಅತ್ತದ್ದಿಲ್ಲ. ಅಜ್ಜ ಅಕ್ಕನ ಹಾಳೆಯನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಹದಿನಾಲ್ಕು ವರ್ಷದ ಹಿಂದಿನ ಕಥೆಗಾರನದೇ ಕೈಬರಹದಲ್ಲಿ 'ಬಾಗಿಲಿಲ್ಲ' ಎಂದಿತ್ತು, ಕೆಳಗೆ ಎರಡು ಗೆರೆ. ಎರಡನೇ ಗೆರೆಯಲ್ಲಿ ಪೆನ್ನಿನ ಮೊನೆ ಹಾಳೆಯನ್ನು ಹರಿದಿತ್ತು.

"ನಾನು ಆವತ್ತೇ ಕೇಳ್ದೆ, ಯಾಕಪ್ಪಾ ಇಷ್ಟು ಒತ್ತಿ ಬರ್ದಿದೀಯ ಅಂತ," ಎಂದ ಅಜ್ಜ. "ಕಲೆ ಅಂದೆ ನೀನು."

ಹೊಸಬಳು ಹತ್ತು ದಾರಿ ಯೋಚಿಸಿಕೊಂಡು ಬಂದಿದ್ದಳು. ಲಿಫ್ಟಿನಲ್ಲಿ ಬಿದ್ದು ಸತ್ತದ್ದು ಅಕ್ಕನ ಅವಳಿ. ಅಕ್ಕ ಆವತ್ತು ಮೆಟ್ಟಿಲು ಹತ್ತಿ ಹೋಗಿದ್ದಳು. ಹದಿನಾಲ್ಕು ವರ್ಷವೂ ಉಕ್ಕಿನಂಗಿಯ ಒಂದು ಮಧ್ಯಾಹ್ನದ ನಿದ್ದೆ. ಇಷ್ಟು ಕೇಳುವಷ್ಟರಲ್ಲೇ ಕಥೆಗಾರನ ಹಲ್ಲು ಜುಮ್ಮೆಂದಿತು, ಆದರೆ ಅವಳು ತಾನೇ ಒಂದೊಂದನ್ನೂ ಹೊಡೆದು ಹಾಕುತ್ತಾ ಹೋದಳು. ಇಡೀ ಪುಟದಲ್ಲಿ ಹೆಣ ತೋರಿಸಿದೀರಿ. ಐವತ್ತೇಳನೇ ಸಂಚಿಕೆಯ ಡಾಕ್ಟರನ್ನೇ ಕರೆಸಿ ನಾಡಿ ನೋಡಿಸಿದೀರಿ. ಬೆರಳಿನ ಸೂಜಿ ಗಾಯ ನೋಡಿ ತಮ್ಮನೇ ಗುರುತು ಹಿಡಿದಿದಾನೆ. ಸತ್ತವರ ಜೊತೆ ಮಾತಾಡೋ ಹೆಂಗಸು ಕೂಡ ಇಲ್ಲಿ ಅಕ್ಕ ಅನ್ನೋರು ಯಾರೂ ಇಲ್ಲ ಅಂದಿದಾಳೆ. "ಎಲ್ಲಿ ಹೋದ್ರೂ ನೀವೇ ಅಡ್ಡ ನಿಂತಿದೀರಿ ಸರ್," ಎಂದಳು. ಆ ದನಿಯಲ್ಲಿ ನಿಜವಾದ ಮೆಚ್ಚುಗೆ ಇತ್ತು. ಅವನು ಗಂಟಲು ಸರಿಮಾಡಿಕೊಂಡು ತನ್ನ ಭಾಷಣ ಶುರುಮಾಡಿದ. ಸಾವಿಗೆ ತೂಕ ಇರಬೇಕು, ಸತ್ತವರು ಸತ್ತೇ ಇರಬೇಕು, ಆಗ ಮಾತ್ರ ಬದುಕಿರುವವರ ಮೇಲೆ ಓದುಗನಿಗೆ ಭಯ ಹುಟ್ಟುತ್ತದೆ. ಈ ಮೂರು ವಾಕ್ಯಗಳನ್ನು ಅವನು ನಲವತ್ತು ವೇದಿಕೆಗಳ ಮೇಲೆ ಹೇಳಿದ್ದ. ಅಕ್ಕ ಸತ್ತ ನೂರ ಮೂವತ್ತೆರಡನೇ ಸಂಚಿಕೆಯನ್ನು 'ದಿಟ್ಟ ನಿರ್ಧಾರ' ಎಂದು ಕರೆದು ಶಾಲು ಹೊದಿಸಿದ್ದರು, ಫಲಕ ಕೊಟ್ಟಿದ್ದರು. ಎದುರು ಸಾಲಿನಲ್ಲಿ ಕೂತವರು ಕಣ್ಣು ಒರೆಸಿಕೊಂಡಿದ್ದೂ ಉಂಟು. ಇಲ್ಲಿ ಸಂಪಾದಕ ಕಿಟಕಿಯ ಕಡೆ ನೋಡುತ್ತಿದ್ದ.

"ಅದೆಲ್ಲ ಸರಿ, ಆದ್ರೆ ಸಂಜೆ ಆರರೊಳಗೆ ನೀವು ಒಂದು ಬಾಗಿಲು, ಇಲ್ಲಾಂದ್ರೆ ಇವರೇ," ಎಂದು ಹೊಸಬಳ ಕಡೆ ಕೈ ತೋರಿಸಿದ. ಅವಳು ಈ ವಾಕ್ಯವನ್ನು ಮುಗಿಸಲಿಲ್ಲ, ತಲೆ ತಗ್ಗಿಸಿದಳು. ಅಷ್ಟು ಮರ್ಯಾದೆ ಕೊಟ್ಟದ್ದಕ್ಕೆ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಬಸ್ಸಿನಲ್ಲಿ ಕೂತ ಮೇಲೆಯೇ ಅವನಿಗೆ ತಾನು ಯಾವ ಬಸ್ಸು ಹತ್ತಿದ್ದೇನೆ ಎಂಬುದು ಗೊತ್ತಾದದ್ದು. ತನ್ನ ಸ್ವಂತ ಅಕ್ಕನ ಮನೆಯ ವಿಳಾಸ ಅವನಿಗೆ ಬಾಯಿಪಾಠ. ಪ್ರತಿ ತಿಂಗಳೂ ಕಚೇರಿಯಿಂದ ಅವಳಿಗೊಂದು ಪ್ರತಿ ಹೋಗುತ್ತಿತ್ತು, ಲಕೋಟೆಯ ಮೇಲೆ ಅವನೇ ವಿಳಾಸ ಬರೆಯುತ್ತಿದ್ದ. ಮನೆಗೆ ಹೋದದ್ದು ಮಾತ್ರ ಒಂದು ಸಲವೂ ಇಲ್ಲ. ವರ್ಷಕ್ಕೆ ಎರಡು ಫೋನು: ಅವಳ ಹುಟ್ಟುಹಬ್ಬಕ್ಕೆ ಇವನು, ಇವನ ಹುಟ್ಟುಹಬ್ಬಕ್ಕೆ ಅವಳು. ಆರೋಗ್ಯವಾ, ಆರೋಗ್ಯ, ಸರಿ ಇಡ್ಲಾ. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ತೊಡೆಯ ಮೇಲೆ ಮೊಟ್ಟೆಯ ತಟ್ಟೆ ಇಟ್ಟುಕೊಂಡು ಪ್ರತಿ ತಿರುವಿಗೂ ಉಸಿರು ಬಿಗಿ ಹಿಡಿಯುತ್ತಿದ್ದಳು. ಅವಳನ್ನೇ ನೋಡುತ್ತಾ ಅವನು ಹದಿನಾಲ್ಕು ವರ್ಷದ ಹಿಂದಿನ ಒಂದು ಭಾನುವಾರದ ಊಟದ ಮೇಜಿಗೆ ಹೋಗಿಬಿಟ್ಟ. ಅಕ್ಕನಿಗೆ ಆಗ ನಲವತ್ತನಾಲ್ಕು. ಅವಳು ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿ, "ನಾನು ಮದ್ವೆ ಆಗ್ತಿದೀನಿ ಕಣೋ," ಎಂದಳು. ಯಾರು ಎಂದು ಕೇಳಿದ. ಅವಳು ಕೆಲಸ ಮಾಡುವ ಕಟ್ಟಡಕ್ಕೆ ಲಿಫ್ಟು ರಿಪೇರಿಗೆ ಬರುವವರು. "ಲಿಫ್ಟಾ?" ಎಂದ. "ಹೂಂ, ಲಿಫ್ಟು," ಎಂದಳು. ಆಮೇಲೆ ಅವನು ಕೇಳಿದ ಪ್ರಶ್ನೆ ಇದು: "ಹಾಗಾದ್ರೆ ನನ್ನ ಊಟ?" ಮೂವತ್ತಾರು ವರ್ಷದ ಗಂಡಸು, ಲೋಕದ ಎಲ್ಲ ಖಳರನ್ನು ತಿಂಗಳಿಗೊಬ್ಬನಂತೆ ಸೋಲಿಸುವವನು, ಈ ಮಾತು ಆಡಿದ್ದ. ಅವಳು ನಗಲಿಲ್ಲ. ಮದುವೆಗೆ ಅವನು ಹೋಗಲಿಲ್ಲ, ಕೆಲಸ ಇದೆ ಎಂದು ಹೇಳಿಕಳಿಸಿದ. ಕೆಲಸ ಇತ್ತು ಕೂಡ: ಅದೇ ಮಧ್ಯಾಹ್ನ ಒಂದೇ ಉಸಿರಿಗೆ ನೂರ ಮೂವತ್ತೆರಡನೇ ಸಂಚಿಕೆ ಬರೆದು ಮುಗಿಸಿದ. ಕಥೆಯ ಅಕ್ಕನನ್ನು ಯಾವ ಖಳನ ಕೈಯಲ್ಲೂ ಸಾಯಿಸಲಿಲ್ಲ, ಅದು ತೀರಾ ಗೌರವದ ಸಾವಾಗುತ್ತಿತ್ತು. ಹನ್ನೊಂದನೇ ಮಹಡಿಯಿಂದ ಲಿಫ್ಟು ಹಗ್ಗ ಕಡಿದು ಬಿತ್ತು. ಕೆಳಗೆ ಲಿಫ್ಟಿನವನೊಬ್ಬ ರೇಡಿಯೋ ಕೇಳುತ್ತಾ ಬ್ರೆಡ್ಡು ತಿನ್ನುತ್ತಾ ಕೂತಿದ್ದ. ಹಗ್ಗ ಸವೆದದ್ದನ್ನು ನೋಡಬೇಕಾಗಿದ್ದವನು ಅವನೇ. ಅವನಿಗೆ ಗುಂಗುರು ಕೂದಲು, ಅಂಚು ಮೇಲೆದ್ದ ಮೀಸೆ, ಒಂದು ಕಿವಿ ಸ್ವಲ್ಪ ದೊಡ್ಡದು ಇರಲಿ ಎಂದು ಚಿತ್ರ ಬರೆಯುವವನಿಗೆ ಹೇಳಿಸಿದ. ಅಕ್ಕ ತೋರಿಸಿದ್ದ ಫೋಟೋವನ್ನು ಅವನು ಒಂದೇ ಸಲ ನೋಡಿದ್ದ, ಆದರೆ ಹೊಟ್ಟೆಕಿಚ್ಚಿಗೆ ನೆನಪಿನ ಶಕ್ತಿ ಬಹಳ.

ಇಷ್ಟೇ ಆ ದಿಟ್ಟ ನಿರ್ಧಾರ. ಶಾಲು ಹೊದಿಸಿಕೊಂಡಾಗಲೆಲ್ಲ ಕುತ್ತಿಗೆ ತುರಿಸುತ್ತಿತ್ತು. ಎಲ್ಲಾದರೂ ಒಂದು ಸಭೆಯ ಹಿಂದಿನ ಸಾಲಿನಿಂದ ಅಕ್ಕ ಎದ್ದು ನಿಂತು, ಇವನು ಸುಳ್ಳು ಹೇಳ್ತಿದಾನೆ, ಇವನಿಗೆ ಊಟದ ಚಿಂತೆ ಆಗಿತ್ತು ಅಷ್ಟೆ, ಎನ್ನುತ್ತಾಳೆ ಎಂದು ಕಾದ. ಅವಳು ಯಾವ ಸಭೆಗೂ ಬರಲಿಲ್ಲ. ಫೋನಿನಲ್ಲೂ ಒಂದು ಮಾತು ಎತ್ತಲಿಲ್ಲ. ತಾನು ಅವಳನ್ನು ಕೊಂದದ್ದು ಅವಳಿಗೆ ಎಷ್ಟು ನೋವಾಗಿರಬಹುದು ಎಂದು ಯೋಚಿಸಿ ಯೋಚಿಸಿ ಅವನು ಹದಿನಾಲ್ಕು ವರ್ಷ ಕಳೆದಿದ್ದ, ಮತ್ತು ನಿಜ ಹೇಳಬೇಕೆಂದರೆ, ಆ ಯೋಚನೆಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಇವತ್ತು ಅವಳನ್ನು ವಾಪಸು ಕರೆಯುವ ಹಕ್ಕು ಕೈಗೆ ಬಂದಿದೆ. ಕಲೆ ಹಾಳಾಗಿ ಹೋಗಲಿ, ಅವಳು ಒಂದು ಸಲ ಹೂಂ ಅಂದರೆ ಸಾಕು, ಅವಳಿ ಅಕ್ಕನನ್ನೋ ಕನಸನ್ನೋ ಯಾವುದನ್ನಾದರೂ ಬರೆದೇಬಿಡುವುದು ಎಂದುಕೊಂಡು ಇಳಿದ. ಸಿಟಿ ಬಸ್ಸಿನಲ್ಲಿ ಕೂತು ಕ್ಷಮೆ ಕೇಳುವುದು ಎಷ್ಟು ಸಲೀಸು.

ಬಾಗಿಲು ತೆಗೆದ ಅಕ್ಕ ಒಂದು ಕ್ಷಣ ಅವನನ್ನು ನೋಡಿ, "ಎಷ್ಟು ಬೆಳ್ಳಗಾಗಿದೆಯೋ ತಲೆ," ಎಂದಳು. ಅವಳದ್ದೂ ಬೆಳ್ಳಗಾಗಿತ್ತು. ಎರಡನೇ ಮಹಡಿಯ ಚಿಕ್ಕ ಮನೆ, ಅಡಿಗೆಮನೆಯಲ್ಲೇ ಒಂದು ಮೇಜು, ಎರಡು ಕುರ್ಚಿ. ಮೂರನೆಯದಕ್ಕೆ ಅವಳು ಒಳಗಿಂದ ಸ್ಟೂಲು ತಂದಳು, ತಾನೇ ಅದರ ಮೇಲೆ ಕೂತಳು. ಗೋಡೆಯ ಗೂಡಿನಲ್ಲಿ ಉಕ್ಕಿನಂಗಿಯ ಸಂಚಿಕೆಗಳು ತಿಂಗಳಿನ ಕ್ರಮದಲ್ಲಿ ಒಂದರ ಮೇಲೊಂದು ಇದ್ದವು. ಅವನ ಎದೆ ಸ್ವಲ್ಪ ಉಬ್ಬಿತು.

"ಎಲ್ಲಾ ಓದಿದೀಯ?"

"ನಾನೆಲ್ಲಿ ಓದ್ತೀನಿ. ಅವರು ಓದ್ತಾರೆ. ಬಂದ ದಿನಾನೇ ಕೂತು ಮುಗಿಸ್ತಾರೆ. ಆ ನಾಯಿದು ಮಾತ್ರ ಅರ್ಧಕ್ಕೇ ಇಟ್ಬಿಟ್ರು."

ಅವನು ಟೀ ಕುಡಿದ. ಲೋಟ ಖಾಲಿಯಾದ ಮೇಲೂ ಕುಡಿಯುವಂತೆ ನಟಿಸಿದ. ಆಮೇಲೆ ವಿಷಯ ಹೇಳಿದ: ಮುನ್ನೂರನೇ ಸಂಚಿಕೆ, ಅಕ್ಕ ವಾಪಸು ಬರಬೇಕು, ತಾನು ಮನಸ್ಸು ಮಾಡಿದರೆ ತರಬಹುದು. ಅವಳು ಕೈಯಿಂದ ಮೇಜಿನ ಮೇಲಿನ ನೀರನ್ನು ಒರೆಸುತ್ತಾ ಕೇಳಿದಳು.

"ಬಂದು ಏನ್ಮಾಡ್ಲಿ ನಾನು ಅಲ್ಲಿ?"

"ಅಂದ್ರೆ?"

"ಅವನ ಅಂಗಿ ಹೊಲೀಲಾ? ಬೇಡಪ್ಪಾ. ಸತ್ತಿದ್ದೇ ಒಳ್ಳೇದಾಯ್ತು. ನೀನು ಸಾಯ್ಸಿದ್ಯಲ್ಲ ಆ ಪುಸ್ತಕ ಬಂದ ದಿನ ನಾನು ಹತ್ತು ಜನಕ್ಕೆ ತೋರಿಸ್ದೆ, ನೋಡಿ, ನನ್ನ ತಮ್ಮ ನನಗೆ ರಜಾ ಕೊಟ್ಟ ಅಂತ."

ಹದಿನಾಲ್ಕು ವರ್ಷ ಅವನು ಜತನದಿಂದ ಸಾಕಿದ ಪಾಪ ಅವಳಿಗೆ ತಲುಪಿಯೇ ಇರಲಿಲ್ಲ. ಅವಮಾನ ಎಂದರೆ ಇದು. ಕೊಂದದ್ದಕ್ಕೆ ಥ್ಯಾಂಕ್ಸ್ ಹೇಳಿಸಿಕೊಳ್ಳುವ ಕೊಲೆಗಾರ ಲೋಕದಲ್ಲಿ ಇವನೊಬ್ಬನೇ ಇರಬೇಕು. ಏನಾದರೂ ಹೇಳಬೇಕಲ್ಲ ಎಂದು ಅವನು ಬಾಯಿ ತೆರೆದಾಗ ಹೊರಬಿದ್ದದ್ದು ಮತ್ತೆ ಅದೇ ಭಾಷಣ: ಸಾವಿಗೆ ತೂಕ ಇರಬೇಕು, ಸತ್ತವರು ಸತ್ತೇ. ಅವಳು ಅಲ್ಲಿಗೇ ತಡೆದಳು.

"ನನ್ನ ಹತ್ರ ಬೇಡ ಅದೆಲ್ಲ. ಯಾಕೆ ಸಾಯ್ಸಿದೆ ಅಂತ ನಂಗೊತ್ತು."

"ನೀನು ಹೊರಟುಹೋದೆ ಅಂತ," ಎಂದ ಅವನು. ಅಷ್ಟು ಚಿಕ್ಕ ವಾಕ್ಯ. ಹೇಳಿದ ಮೇಲೆ ಕೋಣೆಯಲ್ಲಿ ಏನೂ ಬದಲಾಗಲಿಲ್ಲ, ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

"ಹೂಂ. ಅದಕ್ಕೆ ನಂಗೇನೂ ಬೇಜಾರಿಲ್ಲ. ಚಿಕ್ಕವನಿದ್ದಾಗಿಂದ ನಿಂದು ಅದೇ ಬುದ್ಧಿ, ಕೊಡದಿದ್ರೆ ಒಡೆದು ಹಾಕೋದು." ಅವಳು ಒರೆಸುವುದನ್ನು ನಿಲ್ಲಿಸಿದಳು. "ಆದ್ರೆ ಅವರ ಕೈಲಿ ಸಾಯ್ಸಿದ್ಯಲ್ಲೋ."

ಅವನು ಅವಳ ಮುಖ ನೋಡಲಿಲ್ಲ. ಅವಳು ದನಿ ಎತ್ತದೆ ಹೇಳುತ್ತಾ ಹೋದಳು. ಅವರ ಕಂಪನಿಯಲ್ಲಿ ಅರ್ಧ ಜನ ಆ ಪುಸ್ತಕ ಓದುತ್ತಾರೆ. ಮದುವೆಯಾಗಿ ಎರಡೇ ತಿಂಗಳು. ಮೀಸೆ ನೋಡಿದರು, ಕಿವಿ ನೋಡಿದರು, ಊಟದ ಡಬ್ಬಿ ತೆಗೆದರೆ ಸಾಕು, ಏನಪ್ಪಾ, ಇವತ್ತು ಯಾರಕ್ಕನ್ನ ಬೀಳಿಸ್ದೆ, ಎಂದು ಶುರುಮಾಡುತ್ತಿದ್ದರು. ಕೊನೆಗೆ ಇವರು ಮೀಸೆಯನ್ನೇ ತೆಗೆಸಿಬಿಟ್ಟರು. ಕಿವಿ ತೆಗೆಸುವುದಕ್ಕಾಗುತ್ತಾ? ಮೂವತ್ತು ವರ್ಷದ ಕೆಲಸದಲ್ಲಿ ಅವರ ಲಿಫ್ಟಿನಲ್ಲಿ ಒಬ್ಬರ ಉಗುರೂ ಮುರಿದಿಲ್ಲ. ಇವತ್ತಿಗೂ ಹೊಸಬರು ಕೆಲಸಕ್ಕೆ ಸೇರಿದರೆ ಹಳಬರು ಮೊದಲು ಹೇಳುವ ಕಥೆ ಅದು. "ಅವರು ಮನೇಲಿ ಒಂದು ಮಾತು ಆಡ್ಲಿಲ್ಲ. ನಿನ್ನ ಪುಸ್ತಕ ಬಂದ್ರೆ ಲಕೋಟೆ ನೀಟಾಗಿ ಕತ್ರಿಸಿ ತೆಗೀತಾರೆ. ನಾನು ಬರೋದು ಬೇಡ. ಮಾಡೋದಾದ್ರೆ ಒಂದು ಮಾಡು, ಆ ಲಿಫ್ಟಿನೋನದ್ದು ತಪ್ಪಿರ್ಲಿಲ್ಲ ಅಂತ ಬರಿ."

"ಅವನು ಒಂಬತ್ತೇ ಚಿತ್ರದಲ್ಲಿ ಬರೋದು ಅಕ್ಕ. ಯಾರಿಗೂ ನೆನಪೂ ಇರಲ್ಲ."

"ಒಬ್ಬರಿಗೆ ನೆನಪಿದೆ."

ಅರವತ್ತೆಂಟು ಜನರನ್ನು ಕೊಂದಿದ್ದಾನೆ, ಇಡೀ ನಗರಗಳನ್ನು ನೀರಿಗೆ ಹಾಕಿದ್ದಾನೆ, ಒಂದು ಬಾರಿ ಚಂದ್ರನನ್ನೇ ಎರಡು ಹೋಳು ಮಾಡಿದ್ದಾನೆ. ಆದರೆ ಕೂದಲು ಗುಂಗುರಾದ ಒಬ್ಬ ಮನುಷ್ಯ ಮನೆಗೆ ಬಂದು ಕನ್ನಡಿ ಮುಂದೆ ನಿಂತು ಮೀಸೆ ಬೋಳಿಸಿಕೊಳ್ಳುವುದನ್ನು ಅವನು ಒಂದು ಸಲವೂ ಕಣ್ಣ ಮುಂದೆ ತಂದುಕೊಂಡಿರಲಿಲ್ಲ. ಫೋನು ತೆಗೆದು ಸಂಪಾದಕನಿಗೆ ಮಾಡಿದ. ಬಾಗಿಲು ಕೊಡುವುದಿಲ್ಲ, ಬದಲಿಗೆ ಲಿಫ್ಟಿನವನ ಬಗ್ಗೆ ಎರಡು ಪುಟ ಕೊಡುತ್ತೇನೆ ಎಂದ. ಆ ಕಡೆಯಿಂದ ಬಂದ ನಿಟ್ಟುಸಿರಿನಲ್ಲಿ ಬೇಸರಕ್ಕಿಂತ ನಿರಾಳ ಹೆಚ್ಚಿತ್ತು. "ಪರ್ವಾಗಿಲ್ಲ, ನಿಜ ಹೇಳ್ಬೇಕಂದ್ರೆ ನಮ್ಮ ಹೊಸಬಳೇ ಯಂತ್ರದ ಅಕ್ಕ ಅಂತ ಹೋದ ವಾರನೇ, ಚಿತ್ರಾನೂ ಆಗಿದೆ, ನಿಮ್ಮನ್ನ ಕೇಳ್ದೆ ಮಾಡಿದ್ರೆ ಚೆನ್ನಾಗಿರಲ್ಲ ಅಂತ," ಎಂದ ಸಂಪಾದಕ. ಆಮೇಲೆ ಎರಡು ಪುಟ ಆಗಲ್ಲ, ಓದುಗರ ಪತ್ರಗಳ ಪುಟದಲ್ಲಿ ಅರ್ಧ ಬೇಕಾದ್ರೆ, ಎಂದ. ಅರ್ಧ ಪುಟ. ಅವನು ಒಪ್ಪಿಕೊಂಡ. ಹದಿನಾಲ್ಕು ವರ್ಷದಲ್ಲಿ ಮಾಡಿದ ಮೊದಲ ಒಳ್ಳೆಯ ನಿರ್ಧಾರಕ್ಕೆ ಮಾತಿನ ಗುಳ್ಳೆಯೂ ಇಲ್ಲ, ಬಣ್ಣವೂ ಇಲ್ಲ.

"ನೀನು ಬರ್ತಿದೀಯಂತೆ ಅಕ್ಕ," ಎಂದ. "ಯಂತ್ರವಾಗಿ. ನಾನು ಬರೀತಿಲ್ಲ."

"ನಿನ್ನ ಕೈಲಿ ಅಲ್ಲ ತಾನೆ? ಬರ್ಲಿ ಬಿಡು. ಯಂತ್ರ ಅಂದ್ರೆ ಇಸ್ತ್ರಿ ಬೇಗ ಆಗುತ್ತೆ," ಎಂದು ಅವಳು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ಖಾಲಿ ಮಗ್ಗುಲು ಮೇಲೆ ಮಾಡಿ ಅವನ ಮುಂದಿಟ್ಟಳು.

ಅರ್ಧ ಪುಟ ಬರೆಯಲು ಅವನಿಗೆ ಒಂದೂವರೆ ಗಂಟೆ ಹಿಡಿಯಿತು. ವಿಚಾರಣೆಯ ವರದಿಯಂತೆ ಬರೆದ: ಆವತ್ತು ಲಿಫ್ಟಿನವನು ಬೆಳಿಗ್ಗೆಯೇ ಹಗ್ಗ ಸವೆದದ್ದನ್ನು ನೋಡಿ ಚೀಟಿ ಬರೆದು ಕೊಟ್ಟಿದ್ದ, ಕಟ್ಟಡದ ಮಾಲೀಕರು ಚೀಟಿಯನ್ನು ಮುಚ್ಚಿಟ್ಟಿದ್ದರು, ಈಗ ಅದು ಸಿಕ್ಕಿದೆ, ಅವನದು ಯಾವ ತಪ್ಪೂ ಇರಲಿಲ್ಲ. ಹೊಡೆದು ಹಾಕಿದ, ಮತ್ತೆ ಬರೆದ. ಅಲಂಕಾರದ ಒಂದು ಮಾತು ಬಂದಾಗಲೆಲ್ಲ ಅಕ್ಕ ಬೆನ್ನ ಹಿಂದಿನಿಂದ ನೋಡುತ್ತಿದ್ದಾಳೆ ಅನ್ನಿಸಿ ತೆಗೆದ. ಆರಕ್ಕೆ ಸ್ವಲ್ಪ ಮುಂಚೆ ಬೀಗದ ಸದ್ದಾಯಿತು. ಒಳಗೆ ಬಂದವರಿಗೆ ಗುಂಗುರು ಕೂದಲು ಅರ್ಧ ಉದುರಿತ್ತು, ಮೀಸೆ ಇರಲಿಲ್ಲ, ಕೈಯಲ್ಲಿ ಸಾಮಾನಿನ ಚೀಲ. ಅವನು ಎದ್ದು ನಿಂತ.

"ಭಾವ," ಎಂದ, ಮೊದಲ ಸಲ. "ತಪ್ಪಾಯ್ತು. ಇದನ್ನ ಓದಿ."

ಭಾವ ಚೀಲ ಕೆಳಗಿಟ್ಟು, ಕೈ ತೊಳೆದು, ಕನ್ನಡಕ ಹುಡುಕಿ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ನಿಧಾನವಾಗಿ, ಒಂದೊಂದು ಸಾಲಿನ ಕೆಳಗೂ ಬೆರಳು ಓಡಿಸುತ್ತಾ ಓದಿದರು. ಒಂದು ಸಲ ಮುಗಿಸಿ, ಮತ್ತೆ ಮೇಲಿನಿಂದ ಶುರುಮಾಡಿದರು. ಅಕ್ಕ ಒಲೆಯ ಹತ್ತಿರ ನಿಂತು ತಿರುಗದೆ ಕಾಯುತ್ತಿದ್ದಳು. ಭಾವ ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಅದರ ಮಡಿಕೆಯನ್ನು ನೀವಿದರು.

"ಚೆನ್ನಾಗಿ ಬರ್ದಿದೀರಿ," ಎಂದರು. "ಆದ್ರೆ ಇಲ್ಲೂ ಒಂದು ತಪ್ಪಿದೆ. ಲಿಫ್ಟಿಗೆ ಒಂದು ಹಗ್ಗ ಅಲ್ಲ, ಆರು ಇರುತ್ತೆ. ಒಂದೊಂದೂ ಇಡೀ ಭಾರ ತಡಿಯುತ್ತೆ. ಆರೂ ಕಡಿದ್ರೂ ಕೆಳಗಡೆ ಬ್ರೇಕಿದೆ, ಹಳಿ ಕಚ್ಕೊಂಡು ಅಲ್ಲೇ ನಿಂತ್ಬಿಡುತ್ತೆ. ಲಿಫ್ಟು ಹಾಗೆ ಬೀಳೋದೇ ಇಲ್ಲ."

ಅವನು ಹಾಳೆಯನ್ನು ತನ್ನ ಕಡೆ ಎಳೆದುಕೊಂಡ.

"ಹದಿನಾಲ್ಕು ವರ್ಷದಿಂದ ಹೇಳೋಣ ಅಂತಿದ್ದೆ," ಎಂದರು ಭಾವ. "ನೀವು ಮನೆಗೇ ಬರ್ಲಿಲ್ಲ."